ಪಿಸ್ಟನ್ ರಿಂಗಿನ ಸಂದಿನಲ್ಲಿ ಪೈ ಲೆಕ್ಕ

ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ 250 ಮೋಟಾರ್ ಸೈಕಲ್ಲುಗಳು ಇಂದಿಗೂ ಎಷ್ಟೋ ಮನೆಗಳಲ್ಲಿವೆ. ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಜ್ಜನ ಗಾಡಿಯನ್ನು ಮತ್ತೆ ಓಡಿಸಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ‘ರಿಂಗ್ ಬದಲಿಸಿದರೆ ಸಾಕು’ ಎನ್ನುತ್ತಾನೆ ಒಬ್ಬ ಮೆಕ್ಯಾನಿಕ್. ‘ಬೋರ್ ಮಾಡಿಸಲೇಬೇಕು’ ಎನ್ನುತ್ತಾನೆ ಇನ್ನೊಬ್ಬ. ದುಡ್ಡು ಕೊಡುವ ತಂದೆ ಯಾರ ಮಾತು ಕೇಳಬೇಕು? ಅಳತೆಯ ಮಾತು ಕೇಳಲಿ.

ಉರಿದ ಅನಿಲ ಕೆಳಗೆ ನುಸುಳದಂತೆ ತಡೆಯುವುದು, ಪಿಸ್ಟನ್ನಿನ ಬಿಸಿಯನ್ನು ಸಿಲಿಂಡರಿನ ಗೋಡೆಗೆ ದಾಟಿಸುವುದು ರಿಂಗಿನ ಕೆಲಸ. ಅದು ಪೂರ್ತಿ ಬಳೆಯಲ್ಲ, ಒಂದು ಕಡೆ ಕತ್ತರಿಸಿರುತ್ತದೆ. ಆ ಸಂದು ಏಕೆ? ವಿದ್ಯಾರ್ಥಿಗಳೇ, ಲೆಕ್ಕ ಮಾಡಿ. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ 65 ಮಿ.ಮೀ. ಅಂದರೆ ಸುತ್ತಳತೆ ಸುಮಾರು 204 ಮಿ.ಮೀ. ಎರಕದ ಕಬ್ಬಿಣವು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗುತ್ತದೆ. ರಿಂಗು ಸಿಲಿಂಡರಿಗಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ 0.22 ಮಿ.ಮೀ. ಹೆಚ್ಚು ಹಿಗ್ಗಬೇಕು. ಅದಕ್ಕೆ ಜಾಗವಿಲ್ಲದಿದ್ದರೆ ತುದಿಗಳು ಒಂದಕ್ಕೊಂದು ಒತ್ತಿ, ರಿಂಗು ಗೋಡೆಯನ್ನು ಗೀರಿ, ಎಂಜಿನ್ ಹಿಡಿದುಕೊಳ್ಳುತ್ತದೆ. ವ್ಯಾಸದ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲಿ 4 ಪಾಲು ಸಂದು ಎಂಬುದು ಹಳೆಯ ರೂಢಿ. ಅದರಂತೆ ಇಲ್ಲಿ ಬರುವುದು 0.26 ಮಿ.ಮೀ. ಲೆಕ್ಕಕ್ಕೂ ರೂಢಿಗೂ ಎಷ್ಟು ಹೊಂದಾಣಿಕೆ ನೋಡಿ!

ಈಗ ಪರೀಕ್ಷೆ. ಪಿಸ್ಟನ್ನಿನ ಅಳತೆಗೆ ಸರಿಯಾದ ಹೊಸ ರಿಂಗನ್ನು ಬರಿಯ ಸಿಲಿಂಡರಿನ ಕೆಳತುದಿಯಲ್ಲಿ, ಸವೆಯದ ಜಾಗದಲ್ಲಿಡಿ. ಪಿಸ್ಟನ್ನಿನಿಂದ ತಳ್ಳಿ ಸಮವಾಗಿ ಕೂರಿಸಿ. ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಅದೇ ರಿಂಗನ್ನು ಮೇಲ್ಭಾಗದಲ್ಲಿ, ಹೆಚ್ಚು ಸವೆದ ಜಾಗದಲ್ಲಿಟ್ಟು ಮತ್ತೆ ಅಳೆಯಿರಿ. ಕೆಳಗೆ 0.25, ಮೇಲೆ 0.56 ಬಂತೆನ್ನಿ. ವ್ಯತ್ಯಾಸ 0.31. ಸುತ್ತಳತೆ ವ್ಯಾಸದ 3.14 ಪಟ್ಟು ತಾನೆ? ಭಾಗಿಸಿದರೆ, ವ್ಯಾಸ ಸುಮಾರು 0.1 ಮಿ.ಮೀ. ಸವೆದಿದೆ ಎಂದು ತಿಳಿಯಿತು. ದುಬಾರಿ ಬೋರ್ ಗೇಜ್ ಇಲ್ಲದೆಯೇ!

ಸವೆತ ಎಂಜಿನ್ನಿನ ಕೈಪಿಡಿಯ ಮಿತಿಯೊಳಗಿದ್ದು, ಗೀರುಗಳಿಲ್ಲದಿದ್ದರೆ ಅದೇ ಅಳತೆಯ ರಿಂಗು ಸಾಕು. ಸುಮ್ಮನೆ ಬೋರ್ ಮಾಡಿಸಿದರೆ ಸಿಲಿಂಡರಿನ ಆಯುಸ್ಸನ್ನೇ ಖರ್ಚು ಮಾಡಿದಂತೆ. ಮಿತಿ ಮೀರಿದ್ದರೆ ಬೋರ್ ಮಾಡಿಸಿ, ದಪ್ಪ ಪಿಸ್ಟನ್ ಮತ್ತು ಅದರದೇ ರಿಂಗು ಹಾಕಿಸಬೇಕು. ಸವೆದ ಸಿಲಿಂಡರಿಗೆ ದೊಡ್ಡ ರಿಂಗು ತಂದು ತುದಿ ಅರೆದು ಕೂರಿಸುವ ಉಪಾಯ ಬೇಡ. ಅದು ಗೋಡೆಯನ್ನು ಎಲ್ಲ ಕಡೆ ಮುಟ್ಟುವುದಿಲ್ಲ. ಮೇಲಾಗಿ ಇದು ಟೂ ಸ್ಟ್ರೋಕ್ ಎಂಜಿನ್. ರಿಂಗು ತಿರುಗಿ ಗೋಡೆಯ ಕಿಂಡಿಗೆ ಸಿಕ್ಕಿಕೊಳ್ಳದಂತೆ ಗಾಡಿಯೊಳಗೆ ಒಂದು ಪಿನ್ ಇರುತ್ತದೆ. ರಿಂಗಿನ ತುದಿ ಅದಕ್ಕೆ ಸರಿಯಾಗಿ ಹೊಂದಬೇಕು.

ಪೋಷಕರೇ, ಗ್ಯಾರೇಜಿಗೆ ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ. ಮೆಕ್ಯಾನಿಕ್ಕನ್ನು ಕೇಳಿ ಫೀಲರ್ ಗೇಜನ್ನು ಅವರ ಕೈಗೆ ಕೊಡಿಸಿ. ನಿರ್ಧಾರ ಎಷ್ಟು ರೂಪಾಯಿಯದ್ದೇ ಆಗಲಿ, ಅಳೆದ ಮೇಲೆಯೇ ಆಗಲಿ.