ವಿದ್ಯಾರ್ಥಿನಿಲಯದ ಗಂಟೆಯೂ ಮಕ್ಕಳ ಜಠರವೂ

ಊರು ಬಿಟ್ಟು ಮುಂಬಯಿ, ಪುಣೆಗಳಲ್ಲಿ ಓದುವ ಮಕ್ಕಳನ್ನು ಆರೋಗ್ಯ ವಿಚಾರಿಸಿದರೆ, ‘ಸ್ವಲ್ಪ ಗ್ಯಾಸ್ಟ್ರಿಕ್, ಮಾತ್ರೆ ತೆಗೆದುಕೊಂಡಿದ್ದೇನೆ’ ಎಂಬ ಉತ್ತರ ನಮಗೆಲ್ಲ ಪರಿಚಿತ. ಜಠರದ ಒಳಪದರದ ಉರಿಯೂತವನ್ನು ಇಷ್ಟು ಹಗುರವಾಗಿ ಕಾಣುವುದು ತರವಲ್ಲ.

ಅದರ ಮುಖ್ಯ ಕಾರಣಗಳಲ್ಲಿ ಒಂದು ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ. ಇದನ್ನು 1982ರಲ್ಲಿ ಬೆಳಕಿಗೆ ತಂದ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 2005ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಬಹುಪಾಲು ಬಾಲ್ಯದಲ್ಲಿಯೇ ತಗಲುವ ಈ ಸೋಂಕು ಕಿಕ್ಕಿರಿದ ವಸತಿ ಮತ್ತು ಅಶುದ್ಧ ನೀರು ಇರುವೆಡೆ ಹೆಚ್ಚು. ತಲೆನೋವಿಗೆಂದು ಪದೇ ಪದೇ ನುಂಗುವ ಐಬುಪ್ರೊಫೆನ್‌ನಂತಹ ಗುಳಿಗೆಗಳು ಮತ್ತು ಮದ್ಯ ಆ ಪದರವನ್ನು ಕೆಡಿಸುತ್ತವೆ. ಊಟ ತಪ್ಪಿಸುವುದು, ಅತಿಯಾದ ಚಹಾ, ಖಾರ, ಪರೀಕ್ಷೆಯ ಜಾಗರಣೆ ರೋಗಕ್ಕೆ ಮೂಲವಾಗದಿದ್ದರೂ ಇರುವ ಉರಿಯನ್ನು ಕೆರಳಿಸಬಲ್ಲವು.

ಇಲ್ಲಿ ಸಮಾಜದ ಹೊಣೆಯೂ ಉಂಟು. ಸೂರ್ಯಾಸ್ತದೊಳಗೆ ಉಣ್ಣಬೇಕೆಂಬುದು ನಮ್ಮ ಆಚಾರ. ಡಿಸೆಂಬರ್ ಮೊದಲಲ್ಲಿ ಮುಂಬಯಿಯಲ್ಲಿ ಸೂರ್ಯ ಆರರ ಹೊತ್ತಿಗೇ ಮುಳುಗುತ್ತಾನೆ. ಕಾಲೇಜು ಮುಗಿಸಿ ಲೋಕಲ್ ರೈಲಿನಲ್ಲಿ ಬರುವ ವಿದ್ಯಾರ್ಥಿ ಕೋಣೆ ಸೇರುವಾಗ ಏಳಾಗಿರುತ್ತದೆ. ಅಷ್ಟರಲ್ಲಿ ನಿಲಯದ ಅಡುಗೆಮನೆಗೆ ಬೀಗ ಬಿದ್ದಿದ್ದರೆ ಅವನಿಗೆ ಎರಡೇ ದಾರಿ: ನಿಯಮ ಪಾಲಿಸಿ ಬೆಳಗಿನವರೆಗೆ ಬರಿಹೊಟ್ಟೆಯಲ್ಲಿರುವುದು, ಇಲ್ಲವೆ ರಾತ್ರಿ ಹತ್ತಕ್ಕೆ ಬೀದಿಯ ವಡಾಪಾವ್. ವ್ಯವಸ್ಥೆಯನ್ನು ಸರಿಪಡಿಸದೆ ಮಕ್ಕಳ ಶಿಥಿಲಾಚಾರವನ್ನು ದೂರುವುದು ನ್ಯಾಯವೇ? ಡಬ್ಬಾವಾಲರ ಊರಿನಲ್ಲಿ ಸಂಜೆಯ ಬುತ್ತಿಯನ್ನು ಹಗಲಿನಲ್ಲೇ ಕಾಲೇಜಿಗೆ ತಲುಪಿಸುವುದು ಅಸಾಧ್ಯವೇನಲ್ಲ.

ಸೋಸಿದ ನೀರಷ್ಟೇ ಸಾಕೆಂಬ ಭಾವನೆಯನ್ನೂ ಬಿಡಬೇಕು. ಬಟ್ಟೆಯ ನೇಯ್ಗೆಯಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ನುಸುಳುತ್ತದೆ. ಮುನಿಗಳಿಗೆ ಕಾಯಿಸಿದ ನೀರನ್ನೇ ಅರ್ಪಿಸುವ ನಾವು, ನಿಲಯದ ಮಕ್ಕಳಿಗೂ ಸೋಸಿ ಕುದಿಸಿದ ನೀರನ್ನೇ ಕೊಡೋಣ.

ಪೋಷಕರಿಗೊಂದು ಮಾತು. ಎರಡು ವಾರ ಕಳೆದರೂ ಉರಿ ತಗ್ಗದಿದ್ದರೆ ವೈದ್ಯರನ್ನು ಕಾಣಿಸಿ. ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಸೋಂಕು ತಿಳಿಯುತ್ತದೆ, ಔಷಧವನ್ನು ಪೂರ್ತಿ ಮುಗಿಸಿದರೆ ಬಹುಮಟ್ಟಿಗೆ ವಾಸಿಯಾಗುತ್ತದೆ. ರಕ್ತವಾಂತಿಯಾದರೆ, ಮಲ ಕಪ್ಪಾದರೆ ಒಂದು ದಿನವೂ ಕಾಯಬೇಡಿ. ಇಂತಹ ಮಕ್ಕಳನ್ನು ಪರ್ವದ ಉಪವಾಸಕ್ಕೆ ಒತ್ತಾಯಿಸಲೂ ಬೇಡಿ. ತಪಸ್ಸು ಶಕ್ತ್ಯನುಸಾರವೆಂಬುದು ಷೋಡಶಕಾರಣ ಭಾವನೆಗಳಲ್ಲೇ ಒಂದು. ಪರಜೀವಿಗಳ ಮೇಲಿನ ನಮ್ಮ ದಯೆ ಮನೆಯ ಮಕ್ಕಳ ಹೊಟ್ಟೆಯವರೆಗೂ ಬರಲಿ.