‘ಪದಿಹೇನು’ ಮತ್ತು ‘ಪದಿಹೇಡು’: ಕಾಲ್ ರೆಕಾರ್ಡಿಂಗ್ ಆ್ಯಪ್ ಹುಡುಕಿ ಹೊರಟ ವ್ಯಾಪಾರಿಯ ಲೆಕ್ಕ

ತೆಲುಗಿನಲ್ಲಿ ಹದಿನೈದಕ್ಕೆ ‘ಪದಿಹೇನು’, ಹದಿನೇಳಕ್ಕೆ ‘ಪದಿಹೇಡು’. ಎದುರು ಕೂತು ಮಾತಾಡಿದರೆ ಗೊಂದಲ ಇಲ್ಲ. ಆದರೆ ಮಂಗಳೂರು ಬಂದರಿನಲ್ಲಿ ಲಾರಿಯಿಂದ ಮೂಟೆ ಇಳಿಸುವ ಗಲಾಟೆಯ ನಡುವೆ, ನೆಟ್‌ವರ್ಕ್ ಕಟ್ಟಾಗುತ್ತಾ ಬರುವ ಫೋನಿನಲ್ಲಿ ಕೇಳಿದರೆ ಎರಡೂ ಒಂದೇ. ನನಗೆ ಕೇಳಿದ್ದು ‘ಪದಿಹೇನು ವೇಲು’, ಕ್ವಿಂಟಲ್‌ಗೆ ಹದಿನೈದು ಸಾವಿರ. ಆ ಕಡೆಯವರು ಹೇಳಿದ್ದು ಹದಿನೇಳು ಸಾವಿರ ಅಂತೆ. ಇಪ್ಪತ್ತು ಕ್ವಿಂಟಲ್ ಒಣಮೆಣಸು ಆಗಲೇ ಲಾರಿ ಹತ್ತಿ ಆಗಿತ್ತು. ವ್ಯತ್ಯಾಸ ನಲವತ್ತು ಸಾವಿರ ರೂಪಾಯಿ. ನನ್ನಂಥ ಸಣ್ಣ ವ್ಯಾಪಾರಿಗೆ ಅದು ಒಂದು ಸೀಸನ್ನಿನ ಲಾಭ.

ಮೆಣಸು ಬಂದದ್ದು ವಡ್ಡೆಪಲ್ಲಿಯಿಂದ. ಹೆಚ್ಚಿನವರಿಗೆ ಈ ಊರು ಗೊತ್ತಿರಲಿಕ್ಕಿಲ್ಲ. ರಾಯಚೂರಿನಿಂದ ಐಜ ದಾಟಿ ಹೋದರೆ ಸಿಗುತ್ತದೆ, ತೆಲಂಗಾಣದ ಜೋಗುಳಾಂಬ ಗದ್ವಾಲ್ ಜಿಲ್ಲೆ. 2016ರ ತನಕ ಮಹಬೂಬ್‌ನಗರ ಜಿಲ್ಲೆಯಲ್ಲಿತ್ತು. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ. ನಡುವಿನ ಈ ಸೀಮೆಗೆ ಅಲ್ಲಿಯವರು ನಡಿಗಡ್ಡ ಅನ್ನುತ್ತಾರೆ. ತೆಲುಗು, ಕನ್ನಡ, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಬರುತ್ತವೆ. ನಾನು ವ್ಯವಹಾರ ಮಾಡುವ ದಲಾಲಿ ಅಂಗಡಿಯ ಸಾವ್ಕಾರ್ರು ನನ್ನನ್ನು ‘ಭಾಯ್’ ಎಂದು ಕರೆದು ಕನ್ನಡದಲ್ಲಿ ಶುರು ಮಾಡುತ್ತಾರೆ, ರೇಟಿಗೆ ಬರುವಾಗ ತೆಲುಗಿಗೆ ಇಳಿಯುತ್ತಾರೆ. ನನ್ನ ಕಷ್ಟ ಇದ್ದದ್ದೇ ಅಲ್ಲಿ.

ಜಗಳ ಆಗಲಿಲ್ಲ. ಅವರು ಮೋಸಗಾರರಲ್ಲ, ನಾನೂ ಅಲ್ಲ. ಕೊನೆಗೆ ಅರ್ಧ ಅರ್ಧ ಎಂದು ಮುಗಿಸಿದೆವು. ಆದರೆ ಇಪ್ಪತ್ತು ಸಾವಿರ ಕೈಬಿಟ್ಟ ರಾತ್ರಿ ನಾನು ಮಾಡಿದ ಮೊದಲ ಕೆಲಸ, ಪ್ಲೇ ಸ್ಟೋರ್‌ಗೆ ಹೋಗಿ ‘ಕಾಲ್ ರೆಕಾರ್ಡರ್’ ಎಂದು ಹುಡುಕಿದ್ದು.

ಒಂದಲ್ಲ, ಸಾಲು ಸಾಲು ಸಿಕ್ಕಿದವು. ಎಲ್ಲದಕ್ಕೂ ನಾಲ್ಕು ಸ್ಟಾರ್. ಆರು ಆ್ಯಪ್ ಹಾಕಿದೆ, ಆರೂ ತೆಗೆದೆ. ಒಂದರಲ್ಲಿ ನನ್ನ ದನಿ ಮಾತ್ರ ಇತ್ತು, ಎದುರಿನವರು ಹೇಳಿದ್ದೆಲ್ಲ ಮೌನ. ಇನ್ನೊಂದರಲ್ಲಿ ಬರೀ ಗುಂಯ್ ಎನ್ನುವ ಶಬ್ದ. ಮತ್ತೊಂದು ಪ್ರತೀ ಕರೆ ಮುಗಿದ ಕೂಡಲೇ ಜಾಹೀರಾತು ತೋರಿಸುವುದನ್ನು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ಫೋನ್ ಹಾಳಾಗಿದೆ ಎಂದುಕೊಂಡೆ. ಪಕ್ಕದ ಮೊಬೈಲ್ ಅಂಗಡಿಯ ಹುಡುಗ ನಕ್ಕ: ‘ಕಾಕ, ಆ್ಯಪ್‌ನ ಕಾಲ ಹೋಯ್ತು.’ ಮೂವತ್ತೈದಕ್ಕೇ ಕಾಕ ಅನ್ನಿಸಿಕೊಂಡ ಬೇಜಾರು ಬೇರೆ.

ಹುಡುಗ ಹೇಳಿದ್ದು ಸರಿ. ಆಂಡ್ರಾಯ್ಡ್‌ನಲ್ಲಿ ಹೊರಗಿನ ಆ್ಯಪ್‌ಗಳು ಕರೆ ರೆಕಾರ್ಡ್ ಮಾಡುವ ದಾರಿಯನ್ನು ಗೂಗಲ್ ಒಂದೇ ದಿನ ಮುಚ್ಚಿದ್ದಲ್ಲ, ಬಾಗಿಲಿನ ಮೇಲೆ ಬಾಗಿಲು ಹಾಕುತ್ತಾ ಬಂತು. 2015ರ ಆಂಡ್ರಾಯ್ಡ್ 6ರಲ್ಲಿ ನೇರ ದಾರಿ ಬಂದ್ ಆಯಿತು. ಆ್ಯಪ್ ಮಾಡುವವರು ಸುತ್ತುದಾರಿ ಹುಡುಕಿದರು. 2018ರ ಆಂಡ್ರಾಯ್ಡ್ 9ರಲ್ಲಿ ಸುತ್ತುದಾರಿಯೂ ಹೋಯಿತು. ಮರು ವರ್ಷ ಆಂಡ್ರಾಯ್ಡ್ 10 ಬಂದಾಗ ಕರೆ ನಡೆಯುವ ಹೊತ್ತಿಗೆ ಬೇರೆ ಆ್ಯಪ್‌ಗೆ ಮೈಕ್ ಸಿಗದ ಹಾಗಾಯಿತು. ಉಳಿದದ್ದು ಒಂದು ಕಿಟಕಿ, ಆ್ಯಕ್ಸೆಸಿಬಿಲಿಟಿ ಸೇವೆ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವಂಥ ಸಹಾಯಕ್ಕಾಗಿ ಇರುವ ಅನುಮತಿ ಅದು. ರೆಕಾರ್ಡಿಂಗ್ ಆ್ಯಪ್‌ಗಳು ಅದರೊಳಗೆ ನುಗ್ಗಿದವು. 2022ರ ಮೇ 11ರಿಂದ ಪ್ಲೇ ಸ್ಟೋರ್ ನಿಯಮ ಅದನ್ನೂ ನಿಲ್ಲಿಸಿತು. ಟ್ರೂಕಾಲರ್ ಕೂಡಾ ಆಗ ಈ ಸೌಲಭ್ಯ ತೆಗೆಯಿತು. 2024ರಲ್ಲಿ ಹಣ ಕಟ್ಟುವ ಗ್ರಾಹಕರಿಗೆ ಇನ್ನೊಂದು ವಿಧಾನದಲ್ಲಿ ಭಾರತದಲ್ಲಿ ಮತ್ತೆ ತಂದಿತು, ರೆಕಾರ್ಡಿಂಗ್‌ಗೆಂದೇ ಇರುವ ಒಂದು ಲೈನನ್ನು ನಮ್ಮ ಕರೆಯೊಳಗೆ ಸೇರಿಸಿಕೊಳ್ಳುವ ವಿಧಾನ.

ಹಾಗಾದರೆ ಸ್ಟೋರ್‌ನಲ್ಲಿ ಈಗಲೂ ಅಷ್ಟೊಂದು ಆ್ಯಪ್ ಯಾಕಿವೆ? ಇಲ್ಲೇ ಹುಷಾರಾಗಬೇಕು. ಕೆಲವು ಹಳೇ ಫೋನಿಗೆ ಮಾತ್ರ ಕೆಲಸ ಮಾಡುತ್ತವೆ. ಕೆಲವು ಇನ್‌ಸ್ಟಾಲ್ ಆದ ಮೇಲೆ ‘ಎರಡೂ ಕಡೆಯ ದನಿ ಬೇಕಾದರೆ ಈ ಹೆಲ್ಪರ್ ಫೈಲ್ ಹಾಕಿ’ ಎಂದು ಹೊರಗಿನ ವೆಬ್‌ಸೈಟ್‌ಗೆ ಕಳಿಸುತ್ತವೆ. ಅಲ್ಲಿ ಸಿಗುವುದು ಎಪಿಕೆ ಫೈಲ್. ಅದು ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತದೆ. ಆ ಅನುಮತಿ ಕೊಟ್ಟರೆ ಪರದೆಯ ಮೇಲೆ ಕಾಣುವುದನ್ನು ಓದಲು, ನಿಮ್ಮ ಪರವಾಗಿ ಬಟನ್ ಒತ್ತಲು ಅದಕ್ಕೆ ಸಾಧ್ಯ. ಎಲ್ಲ ಹೆಲ್ಪರ್‌ಗಳೂ ಕಳ್ಳ ಎಂದು ನಾನು ಹೇಳುವುದಿಲ್ಲ. ಆದರೆ ಅದೇ ಫೋನಿನಲ್ಲಿ ನಮ್ಮ ಯುಪಿಐ ಇದೆ, ಬ್ಯಾಂಕ್ ಆ್ಯಪ್ ಇದೆ, ಒಟಿಪಿ ಬರುವುದೂ ಅದಕ್ಕೇ. ಇಪ್ಪತ್ತು ಸಾವಿರ ಹೋಯಿತೆಂದು ಅಳುತ್ತಾ ಕೂತವನು ಖಾತೆಯ ಕೀಲಿಯನ್ನೇ ಯಾರೋ ಕಾಣದವನಿಗೆ ಕೊಡುವುದೇ? ನಾನು ಆ ಪುಟ ಮುಚ್ಚಿದೆ. ಈಗಾಗಲೇ ಹಾಕಿಕೊಂಡವರು ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಕ್ಸೆಸಿಬಿಲಿಟಿ ಪಟ್ಟಿಯಲ್ಲಿ ಯಾರ್‍ಯಾರು ಕೂತಿದ್ದಾರೆ ನೋಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹುಡುಕುತ್ತಿದ್ದ ವಸ್ತು ಕಡೆಗೆ ಸಿಕ್ಕಿದ್ದು ಫೋನಿನೊಳಗೇ. ಕಂಪೆನಿಯೇ ಕೊಟ್ಟ ಡಯಲರ್‌ಗೆ ಈ ನಿರ್ಬಂಧ ಇಲ್ಲ. ಭಾರತದಲ್ಲಿ ಮಾರುವ ಸ್ಯಾಮ್‌ಸಂಗ್ ಫೋನಿನಲ್ಲಿ ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೇ ಆಟೋ ರೆಕಾರ್ಡ್ ಇದೆ, ಎದುರಿನವರಿಗೆ ಸೂಚನೆ ಹೋಗುವುದಿಲ್ಲ. ಬೇರೆ ಹಲವು ಬ್ರ್ಯಾಂಡ್‌ಗಳಲ್ಲಿ ಗೂಗಲ್‌ನ ಫೋನ್ ಆ್ಯಪ್ ಇರುತ್ತದೆ, ಅದರಲ್ಲಿ ರೆಕಾರ್ಡ್ ಒತ್ತಿದ ಕೂಡಲೇ ‘ಈ ಕರೆ ರೆಕಾರ್ಡ್ ಆಗುತ್ತಿದೆ’ ಎಂದು ಇಬ್ಬರಿಗೂ ಕೇಳಿಸುತ್ತದೆ. ಐಫೋನ್‌ನಲ್ಲಿ ಈ ಸೌಲಭ್ಯ ಬಂದದ್ದೇ 2024ರ ಅಕ್ಟೋಬರ್ ಕೊನೆಗೆ, ಐಒಎಸ್ 18.1ರಲ್ಲಿ. ಅಲ್ಲಿಯೂ ಘೋಷಣೆ ಕಡ್ಡಾಯ, ಫೈಲ್ ನೋಟ್ಸ್‌ಗೆ ಹೋಗಿ ಕೂರುತ್ತದೆ. ವಾಟ್ಸ್‌ಆ್ಯಪ್ ಕರೆಗೆ ಈ ಡಯಲರ್‌ಗಳಾವುವೂ ಉಪಯೋಗ ಇಲ್ಲ, ಅವು ಸಿಮ್ ಕರೆಗೆ ಮಾತ್ರ. ಏನೂ ಆಗದಿದ್ದರೆ ಸ್ಪೀಕರ್ ಹಾಕಿ ಪಕ್ಕದಲ್ಲಿ ಇನ್ನೊಂದು ಫೋನ್ ಇಡುವ ಹಳೇ ಉಪಾಯ ಇದ್ದೇ ಇದೆ. ಚಂದ ಕಾಣುವುದಿಲ್ಲ, ಕೆಲಸ ನಡೆಯುತ್ತದೆ.

ಇಷ್ಟಾದ ಮೇಲೆ ಇನ್ನೊಂದು ಪ್ರಶ್ನೆ. ಹೇಳದೆ ರೆಕಾರ್ಡ್ ಮಾಡುವುದು ತಪ್ಪೇ?

ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ಬೇರೆಯವರಿಬ್ಬರ ಮಾತನ್ನು ಮೂರನೆಯವನು ಕದ್ದು ಕೇಳುವುದು ಕದ್ದಾಲಿಕೆ. ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಅದರ ಆರೋಪದಿಂದ. ತೆಲಂಗಾಣದಲ್ಲಿ 2024ರ ಮಾರ್ಚ್‌ನಿಂದ ಪೊಲೀಸ್ ಗುಪ್ತಚರ ಅಧಿಕಾರಿಗಳ ಮೇಲೆ ಕೇಸು ನಡೆಯುತ್ತಿರುವುದೂ ಅದೇ ಆರೋಪಕ್ಕೆ. ಅದಕ್ಕೆ ಕಾನೂನಿನ ಅನುಮತಿ ಬೇಕು, ನಮ್ಮ ನಿಮ್ಮಂಥವರಿಗೆ ಆ ಹಕ್ಕೇ ಇಲ್ಲ. ಆದರೆ ನಾನೇ ಮಾತಾಡುತ್ತಿರುವ ಕರೆಯನ್ನು ನಾನೇ ಹಿಡಿದಿಡುವುದು ಬೇರೆ. ಸುಪ್ರೀಂ ಕೋರ್ಟ್ 1972ರಲ್ಲಿ ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿ ಇದನ್ನು ನೋಡಿತ್ತು. ಮುಂಬೈಯ ಕೊರೋನರ್ ಒಬ್ಬರು ಲಂಚ ಕೇಳಿದ ಪ್ರಕರಣ. ಡಾಕ್ಟರ್ ಒಬ್ಬರ ಒಪ್ಪಿಗೆ ಪಡೆದು ಅವರ ಫೋನಿಗೆ ಪೊಲೀಸರು ಟೇಪ್ ರೆಕಾರ್ಡರ್ ಜೋಡಿಸಿದ್ದರು. ಮಾತಾಡುವ ಇಬ್ಬರಲ್ಲಿ ಒಬ್ಬರು ಒಪ್ಪಿರುವುದರಿಂದ ಟೆಲಿಗ್ರಾಫ್ ಕಾಯ್ದೆಯ ಉಲ್ಲಂಘನೆ ಆಗಿಲ್ಲ, ಟೇಪ್ ಸಾಕ್ಷ್ಯವಾಗುತ್ತದೆ ಎಂದು ಕೋರ್ಟ್ ಹೇಳಿತು.

ಆ ಮೇಲೆ 2017ರಲ್ಲಿ ಪುಟ್ಟಸ್ವಾಮಿ ತೀರ್ಪು ಬಂತು, ಖಾಸಗಿತನ ಮೂಲಭೂತ ಹಕ್ಕಾಯಿತು. ನಮ್ಮವರೇ ಆದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟ್‌ನಿಂದ ನಿವೃತ್ತರಾದವರು. ಆ ಬಳಿಕ ಗಂಡ ಹೆಂಡತಿ ಗುಟ್ಟಾಗಿ ರೆಕಾರ್ಡ್ ಮಾಡಿದ ಮಾತುಗಳ ಬಗ್ಗೆ ಹೈಕೋರ್ಟ್‌ಗಳು ಒಂದೊಂದು ರೀತಿ ಹೇಳುತ್ತಾ ಬಂದವು. 2025ರ ಜುಲೈ 14ರಂದು ವಿಭೋರ್ ಗಾರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈವಾಹಿಕ ಕೇಸಿನಲ್ಲಿ ಅಂಥ ರೆಕಾರ್ಡಿಂಗನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದಿತು. ಕೋರ್ಟಿನಲ್ಲಿ ನಡೆಯುತ್ತದೆ ಎಂದ ಮಾತ್ರಕ್ಕೆ ಗ್ರೂಪಿಗೆ ಹಾಕಬಹುದು ಎಂದಲ್ಲ. ನಮ್ಮ ಊರುಗಳಲ್ಲಿ ಆಗುತ್ತಿರುವುದು ಈ ಎರಡನೆಯದೇ. ಮನೆಯ ಜಗಳ, ಜಮಾಅತ್ ಕಮಿಟಿಯ ವಾದ, ಯಾರೋ ಸಿಟ್ಟಿನಲ್ಲಿ ಆಡಿದ ಒಂದು ಮಾತು, ಎಲ್ಲ ಅರ್ಧ ಕತ್ತರಿಸಿ ಬೆಳಗ್ಗೆ ಆಗುವಾಗ ಗಲ್ಫ್‌ವರೆಗೆ ತಲುಪಿರುತ್ತದೆ. ಆ ಅರ್ಧ ನಿಮಿಷದ ಹಿಂದೆ ಏನು ಹೇಳಿದ್ದರು ಎಂದು ಯಾರೂ ಕೇಳುವುದಿಲ್ಲ.

ಗಲ್ಫ್ ಎಂದೆನಲ್ಲ, ಅಲ್ಲಿರುವ ತಮ್ಮಂದಿರು ಇದನ್ನು ಗಮನವಿಟ್ಟು ಓದಿ. ಊರಿನ ಕಾನೂನು ಅಲ್ಲಿ ನಡೆಯುವುದಿಲ್ಲ. ಯುಎಇಯ 2021ರ ಸೈಬರ್ ಅಪರಾಧ ಕಾನೂನು, ಅಂದರೆ 34ನೇ ಡಿಕ್ರಿ, ಅದರ 44ನೇ ವಿಧಿಯ ಪ್ರಕಾರ ಒಪ್ಪಿಗೆ ಇಲ್ಲದೆ ಸಂಭಾಷಣೆ ರೆಕಾರ್ಡ್ ಮಾಡಿ ಖಾಸಗಿತನಕ್ಕೆ ಧಕ್ಕೆ ತಂದರೆ ಕನಿಷ್ಠ ಆರು ತಿಂಗಳ ಜೈಲು, ಒಂದೂವರೆ ಲಕ್ಷದಿಂದ ಐದು ಲಕ್ಷ ದಿರ್ಹಮ್ ತನಕ ದಂಡ, ಅಥವಾ ಎರಡರಲ್ಲಿ ಒಂದು. ಸಂಬಳ ಕೊಡದ ಮಾಲಕನ ಮಾತು ಹಿಡಿದಿಟ್ಟುಕೊಂಡಿದ್ದೇನೆ ಎಂದು ಹೋದವನ ಮೇಲೆಯೇ ಕೇಸು ತಿರುಗಬಹುದು. ಊರಿನಿಂದ ತಂದ ಫೋನಿನಲ್ಲಿ ಆಟೋ ರೆಕಾರ್ಡ್ ಆನ್ ಇದ್ದರೆ ವಿಮಾನ ಹತ್ತುವ ಮೊದಲೇ ಆಫ್ ಮಾಡಿ.

ಇನ್ನು ಇಲ್ಲಿನ ಕೋರ್ಟಿಗೆ ರೆಕಾರ್ಡಿಂಗ್ ತೆಗೆದುಕೊಂಡು ಹೋದರೆ ಸಾಕೇ ಎಂದರೆ ಸಾಲದು. 2014ರ ಪಿ.ವಿ. ಅನ್ವರ್ – ಪಿ.ಕೆ. ಬಶೀರ್ ತೀರ್ಪು ಹಲವರಿಗೆ ನೆನಪಿರಬಹುದು, ಮಲಪ್ಪುರಂ ಜಿಲ್ಲೆಯ ಏರನಾಡ್ ಕ್ಷೇತ್ರದ ಚುನಾವಣಾ ತಕರಾರು. ಪ್ರಚಾರದ ಭಾಷಣ, ಹಾಡುಗಳ ಸಿ.ಡಿ. ಕೊಟ್ಟಿದ್ದರು, ಆದರೆ ಕಾನೂನು ಕೇಳುವ ಪ್ರಮಾಣಪತ್ರ ಇರಲಿಲ್ಲ. ಸುಪ್ರೀಂ ಕೋರ್ಟ್ ಸಿ.ಡಿ.ಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಲ್ಲಿ ಇದು ಇನ್ನೂ ಬಿಗಿಯಾಗಿದೆ. ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದಕ್ಕೆ ಫೈಲ್ ಕೊಡುವವನ ಸಹಿ, ಇನ್ನೊಂದಕ್ಕೆ ತಜ್ಞನ ಸಹಿ, ಜೊತೆಗೆ ಫೈಲಿನ ಹ್ಯಾಶ್ ಸಂಖ್ಯೆ. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಎಂದಿಟ್ಟುಕೊಳ್ಳಿ. ಒಂದು ಸೆಕೆಂಡ್ ಕತ್ತರಿಸಿದರೂ ಬದಲಾಗುತ್ತದೆ. ಹಾಗಾಗಿ ಮೂಲ ಫೈಲ್ ಅದೇ ಫೋನಿನಲ್ಲಿ ಹಾಗೆಯೇ ಇರಬೇಕು. ಟ್ರಿಮ್ ಮಾಡಿ, ಹೆಸರು ಬದಲಾಯಿಸಿ, ಫಾರ್ವರ್ಡ್ ಮಾಡಿ, ಕೊನೆಗೆ ಮೆಮೊರಿ ಫುಲ್ ಎಂದು ಮೂಲವನ್ನೇ ಡಿಲೀಟ್ ಮಾಡಿದರೆ ಕೈಯಲ್ಲಿ ಉಳಿಯುವುದು ಬರೀ ಶಬ್ದ.

ವ್ಯಾಪಾರಿಗಳು ಇನ್ನೊಂದನ್ನೂ ನೋಡಿಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿವೆ, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ವೈಯಕ್ತಿಕ, ಮನೆಯ ಉದ್ದೇಶಕ್ಕೆ ಅದರಲ್ಲಿ ವಿನಾಯಿತಿ ಇದೆ. ಅಂಗಡಿಯ ವ್ಯವಹಾರ ಮನೆಯ ಉದ್ದೇಶ ಅಲ್ಲ. ನನ್ನ ಅಭಿಪ್ರಾಯದಲ್ಲಿ ಗ್ರಾಹಕರ ಕರೆ ರೆಕಾರ್ಡ್ ಮಾಡುವವನು ಹೇಳಿಯೇ ಮಾಡುವುದು ಕ್ಷೇಮ.

ಮೆಣಸಿನ ಲೆಕ್ಕ ಇತ್ಯರ್ಥ ಮಾಡಲಿಕ್ಕೆ ವಡ್ಡೆಪಲ್ಲಿಗೆ ಹೋಗಿದ್ದಾಗ ನನ್ನ ನಲವತ್ತು ಸಾವಿರ ಸಣ್ಣದು ಎಂದು ಗೊತ್ತಾಯಿತು. ಆ ಸೀಮೆ ಹೈಬ್ರಿಡ್ ಹತ್ತಿ ಬೀಜಕ್ಕೆ ದೇಶದಲ್ಲೇ ಹೆಸರುವಾಸಿ. ಹೂವಿಗೆ ಹೂ ಕೈಯಿಂದಲೇ ಮುಟ್ಟಿಸಿ ಮಾಡುವ ಕೆಲಸ. ರೈತ ಕಂಪೆನಿಯ ಮುಖ ನೋಡುವುದಿಲ್ಲ, ನಡುವೆ ‘ಆರ್ಗನೈಸರ್’ ಇರುತ್ತಾನೆ. ಮುಂಗಡ ಅವನದು, ರೇಟು ಹೇಳುವುದೂ ಅವನೇ, ಬೀಜ ಪರೀಕ್ಷೆಯಲ್ಲಿ ಫೇಲ್ ಆಯಿತು ಎಂದು ತಿಳಿಸುವುದೂ ಅವನೇ. ಬಹುಪಾಲು ಎಲ್ಲ ಬಾಯಿ ಮಾತು. 2025ರ ಮಳೆಗಾಲದಲ್ಲಿ, ಬಿತ್ತನೆ ಆದ ಮೇಲೆ, ಎಕರೆಗೆ ಇಂತಿಷ್ಟೇ ಬೀಜ ತೆಗೆದುಕೊಳ್ಳುತ್ತೇವೆ ಎಂಬ ಮಾತು ಬಂದಾಗ ಗದ್ವಾಲ್ ಜಿಲ್ಲೆಯ ರೈತರು ಬೀದಿಗಿಳಿದರು. ಮೊದಲು ಏನು ಮಾತಾಗಿತ್ತು ಎಂದು ತೋರಿಸಲು ಕೈಯಲ್ಲಿ ಕಾಗದ ಇಲ್ಲದವರೇ ಹೆಚ್ಚು. ಅಂಥವನ ಹತ್ತಿರ ಆರ್ಗನೈಸರ್‌ನ ಮಾತು ರೆಕಾರ್ಡ್ ಆಗಿದ್ದರೆ ಅದಕ್ಕೊಂದು ಬೆಲೆ ಇದೆ. ಆದ್ದರಿಂದಲೇ ಗೂಗಲ್‌ನ ನಿಯಮ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮಾತಾಡುವ ಇಬ್ಬರ ಒಪ್ಪಿಗೆಯೂ ಬೇಕು ಎನ್ನುವ ಕ್ಯಾಲಿಫೋರ್ನಿಯಾದ ಕಾನೂನು ಅಲ್ಲಿಯವರಿಗೆ ಸರಿ ಇರಬಹುದು. ಒಪ್ಪಂದದ ಕಾಗದವೇ ಕೊಡದ ಕಡೆ ಬಡವನಿಗೆ ಉಳಿಯುವ ಪುರಾವೆ ಫೋನ್ ಒಂದೇ. ದುಬಾರಿ ಫೋನ್ ಇದ್ದವನಿಗೆ ಸದ್ದಿಲ್ಲದೆ ರೆಕಾರ್ಡ್ ಮಾಡುವ ಸೌಲಭ್ಯ, ಅಗ್ಗದ ಫೋನಿನವನಿಗೆ ಜಾಹೀರಾತಿನ ಆ್ಯಪ್, ಹೀಗಾಗಬಾರದಿತ್ತು.

ನಾನು ಈಗ ಮಾಡುವುದು ಇಷ್ಟು. ರೇಟು ಮಾತಾಡಿದ ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಅಂಕಿಯಲ್ಲೇ ಬರೆದು ಕಳಿಸುತ್ತೇನೆ: ಎಷ್ಟು ಕ್ವಿಂಟಲ್, ಯಾವ ಮಾಲು, ಕ್ವಿಂಟಲ್‌ಗೆ ಎಷ್ಟು, ಲಾರಿ ಬಾಡಿಗೆ ಯಾರದ್ದು. ಅವರು ‘ಓಕೆ’ ಎಂದ ಮೇಲೆಯೇ ಲೋಡಿಂಗ್. ಕೊಡುಕೊಳ್ಳುವುದನ್ನು ಬರೆದಿಡಬೇಕು ಎಂದು ಮದ್ರಸದಲ್ಲಿ ಕಲಿತು, ಬಿ.ಕಾಂ.ನಲ್ಲಿ ಇನ್ನೊಮ್ಮೆ ಕಲಿತು, ಹನ್ನೆರಡು ವರ್ಷ ವ್ಯಾಪಾರ ಮಾಡಿದವನಿಗೆ ಇದು ಹೊಳೆಯಲು ಇಪ್ಪತ್ತು ಸಾವಿರ ಹೋಗಬೇಕಾಯಿತು. ಕರೆಯನ್ನೂ ರೆಕಾರ್ಡ್ ಮಾಡುತ್ತೇನೆ. ನನ್ನ ಫೋನಿನಲ್ಲಿ ಇರುವುದು ಗೂಗಲ್ ಡಯಲರ್, ಹಾಗಾಗಿ ಮುಚ್ಚುಮರೆಗೆ ಅವಕಾಶವೇ ಇಲ್ಲ.

ಮೊದಲ ಸಲ ಆ ಹೆಣ್ಣು ದನಿ ಇಂಗ್ಲಿಷಿನಲ್ಲಿ ಘೋಷಣೆ ಮಾಡಿದಾಗ ಸಾವ್ಕಾರ್ರು ಗಾಬರಿಯಾಗಿ, ‘ಭಾಯ್, ನಡುವೆ ಯಾರೋ ಅಮ್ಮ ಮಾತಾಡಿದ್ರಲ್ಲ, ಯಾರವರು?’ ಎಂದರು. ರೆಕಾರ್ಡ್ ಆಗುತ್ತಿದೆ ಸಾವ್ಕಾರ್ರೆ, ಹೋದ ಸಲದ ಹಾಗೆ ಆಗಬಾರದಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ನನಗೂ ಮುಜುಗರ ಆಯಿತು. ಆಮೇಲೆ ಜೋರಾಗಿ ನಕ್ಕು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಕನ್ನಡದಲ್ಲಿ ಹೇಳಿದರು: ‘ಹದಿ… ನಾರು… ಸಾವಿರ. ಬಂತಾ ಅಮ್ಮನಿಗೆ? ನನಗೂ ಒಂದು ಕಾಪಿ ಕಳಿಸು.’