ದುಡಿಮೆಯ ಅವಧಿಯೂ ದುಡಿಯುವವರ ಕ್ಷೇಮವೂ

ದುಡಿಯುವವರ ಕ್ಷೇಮವೆಂಬ ಮಾತು ಈಚಿನ ವರ್ಷಗಳಲ್ಲಿ ದೊಡ್ಡ ಸಂಸ್ಥೆಗಳ ಮಾಲಿಕರ ಬಾಯಲ್ಲಿ ಬಹಳವಾಗಿ ಕೇಳಿಬರುತ್ತಿದೆ. ನೌಕರರಿಗಾಗಿ ಯೋಗದ ತರಗತಿಗಳುಂಟು, ಆಟದ ಕೋಣೆಗಳುಂಟು. ಅವರ ಮನಸ್ಸು ಕೆಲಸದಲ್ಲಿ ಎಷ್ಟರಮಟ್ಟಿಗೆ ನೆಟ್ಟಿದೆಯೆಂದು ಅಳೆಯುವ ಪ್ರಶ್ನಾವಳಿಗಳೂ ಉಂಟು. ಇವನ್ನು ನಾವು ಹಳಿಯುವವರಲ್ಲ. ಆದರೆ ಒಂದು ಕೈಯಿಂದ ಪ್ರಶ್ನಾವಳಿಯನ್ನು ಹಂಚುತ್ತ, ಮತ್ತೊಂದು ಕೈಯಿಂದ ದುಡಿಮೆಯ ಗಂಟೆಗಳನ್ನು ಬೆಳೆಸಹೊರಟರೆ ಕ್ಷೇಮದ ಮಾತಿಗೆ ಬೆಲೆಯೆಲ್ಲಿ ಉಳಿಯಿತು?

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಅಧಿನಿಯಮವು ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. ಹೆಚ್ಚುವರಿ ಕೆಲಸ ಸೇರಿದರೂ ದಿನಕ್ಕೆ 10 ಗಂಟೆಗಳನ್ನು ಮೀರಬಾರದು. ಮೂರು ತಿಂಗಳಿಗೆ 50 ಗಂಟೆಗಳಿಗಿಂತ ಹೆಚ್ಚುವರಿ ದುಡಿಮೆ ಕೂಡದು. 2024ರ ಜುಲೈ ತಿಂಗಳಲ್ಲಿ ಮಾಹಿತಿ ತಂತ್ರಜ್ಞಾನದ ನೌಕರರ ದಿನವನ್ನು 14 ಗಂಟೆಗಳವರೆಗೆ ಹಿಗ್ಗಿಸುವ ಸೂಚನೆ ಹೊರಟಿತು. ನೌಕರರ ಸಂಘವು ಬಲವಾಗಿ ಪ್ರತಿಭಟಿಸಿತು. 2025ರ ಜೂನ್‌ನಲ್ಲಿ ದಿನಕ್ಕೆ 10, ಹೆಚ್ಚುವರಿ ಸೇರಿ 12 ಗಂಟೆ, ಮೂರು ತಿಂಗಳಿಗೆ 144 ಗಂಟೆಗಳ ಹೆಚ್ಚುವರಿ ದುಡಿಮೆ ಎಂಬ ಮತ್ತೊಂದು ಪ್ರಸ್ತಾಪ ಬಂದಿತು. ಕಾರಖಾನೆಗಳ ವಿಷಯದಲ್ಲಿಯಾದರೋ 2023ರಲ್ಲಿಯೇ 12 ಗಂಟೆಗಳ ದಿನಕ್ಕೆ ದಾರಿ ಮಾಡಿಕೊಡಲಾಗಿತ್ತು.

ಕಾಗದದ ಮೇಲೆ ಇವು ಬರಿಯ ಅಂಕಿಗಳು. ಯಲಹಂಕದ ಬಳಿಯ ಅಟ್ಟೂರಿನಲ್ಲಿ ಮನೆ ಮಾಡಿಕೊಂಡು ಹೆಬ್ಬಾಳದ ಆಚೆಯ ಕಚೇರಿಗೆ ಹೋಗುವವರನ್ನು ಕೇಳಿದರೆ ಅವುಗಳ ಅರ್ಥ ತಿಳಿದೀತು. 12 ಗಂಟೆಗಳ ದುಡಿಮೆಗೆ ಹೋಗಿಬರುವ 3 ಗಂಟೆಗಳನ್ನು ಕೂಡಿಸಿದರೆ ಉಳಿಯುವುದು 9 ಗಂಟೆ. ಇದರಲ್ಲಿಯೇ ಊಟ, ಸ್ನಾನ, ನಿದ್ರೆ, ಮಕ್ಕಳ ಪಾಠ, ತಂದೆತಾಯಿಗಳ ಔಷಧೋಪಚಾರ ಎಲ್ಲವೂ ಆಗಬೇಕು. ಮನೆಗೆಲಸದ ಹೊರೆಯನ್ನೂ ಹೊತ್ತ ಹೆಣ್ಣುಮಕ್ಕಳ ಪಾಡನ್ನು ಹೇಳುವುದೇ ಬೇಡ.

ಅಟ್ಟೂರಿಗೆ ಸಮೀಪದ ರೈಲು ಗಾಲಿ ಕಾರಖಾನೆಯು 1984ರಿಂದ ಗಾಲಿಗಳನ್ನೂ ಅಚ್ಚುಗಳನ್ನೂ ತಯಾರಿಸುತ್ತಿದೆ. ಕಾರಖಾನೆಯ ದುಡಿಮೆ ಕಠಿನವಾದುದು. ಆದರೂ ಪಾಳಿ ಮುಗಿದಾಗ ಕೆಲಸವು ಕಾರಖಾನೆಯಲ್ಲಿಯೇ ನಿಲ್ಲುತ್ತದೆ. ಕರಗಿದ ಉಕ್ಕನ್ನು ಯಾರೂ ಮನೆಗೊಯ್ಯಲಾರರು. ಗಣಕದ ಕೆಲಸವು ಹಾಗಲ್ಲ. ವಿಶೇಷವಾಗಿ 2020ರಿಂದೀಚೆಗೆ ಅದು ಮೊಬೈಲಿನ ಮೂಲಕ ಊಟದ ಎಲೆಯವರೆಗೂ ಬಂದು ನಿಂತಿದೆ. ಗಂಟೆಯ ಲೆಕ್ಕ ಎಲ್ಲಿ ಮಸುಕಾಗಿದೆಯೋ ಅಲ್ಲಿಯೇ ಮಿತಿಯನ್ನು ಸಡಿಲಿಸುವುದು ವಿವೇಕವೆ?

ಪೈಪೋಟಿಯ ಲೋಕದಲ್ಲಿ ಇದು ಅನಿವಾರ್ಯವೆಂದೂ, ನೌಕರನ ಸಮ್ಮತಿಯಿದ್ದರೆ ಸಾಕೆಂದೂ ಕೆಲವರು ವಾದಿಸುವರು. ಯಾರ ಬಡ್ತಿಯು ಮೇಲಧಿಕಾರಿಯ ಒಂದು ಷರಾದ ಮೇಲೆ ನಿಂತಿದೆಯೋ ಅವರ ಸಮ್ಮತಿಗೆ ಸ್ವಾತಂತ್ರ್ಯವೆಷ್ಟು? ಪೈಪೋಟಿಯ ವಾದವೂ ಹೊಸತಲ್ಲ. ಆದರೂ ವಾರದ ಮಿತಿಯು 1922ರ ಕಾರಖಾನೆ ಶಾಸನದಲ್ಲಿ 60 ಗಂಟೆಗಳಿದ್ದುದು, 1934ರಲ್ಲಿ 54ಕ್ಕೂ, 1948ರ ಶಾಸನದ ವೇಳೆಗೆ 48ಕ್ಕೂ ಇಳಿಯಿತು, ಉದ್ಯಮಗಳು ಮುಳುಗಿಹೋಗಲಿಲ್ಲ. ಮಿತಿಮೀರಿದ ದುಡಿಮೆಯ ಫಲವೇನೆಂಬುದೂ ಗುಟ್ಟಲ್ಲ. ವಾರಕ್ಕೆ 55 ಅಥವಾ ಅದಕ್ಕೂ ಹೆಚ್ಚು ಗಂಟೆ ದುಡಿದುದರ ದೆಸೆಯಿಂದ ಪಾರ್ಶ್ವವಾಯು, ಹೃದ್ರೋಗಗಳಿಗೆ ತುತ್ತಾಗಿ 2016ರೊಂದರಲ್ಲಿಯೇ ಸುಮಾರು 7,45,000 ಮಂದಿ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಅಂದಾಜು ಮಾಡಿದವು.

ಆದಕಾರಣ ಸರ್ಕಾರದವರು ನಾಲ್ಕು ಕಾರ್ಯಗಳನ್ನು ಕೈಕೊಳ್ಳಬೇಕೆಂದು ನಾವು ಒತ್ತಿಹೇಳುತ್ತೇವೆ. ಇರುವ ಮಿತಿಯನ್ನು ಬೆಳೆಸದೆ, ಅದು ನಡೆಯುತ್ತಿದೆಯೆ ಎಂದು ತಪಾಸಣೆ ಮಾಡಿಸಬೇಕು. ಹೆಚ್ಚುವರಿ ಗಂಟೆಗಳ ದಾಖಲೆಯನ್ನು ಇಡಿಸಿ ಕಾನೂನಿನಂತೆ ಇಮ್ಮಡಿ ವೇತನವನ್ನು ಕೊಡಿಸಬೇಕು. ಫ್ರಾನ್ಸ್ 2017ರಿಂದಲೂ ಆಸ್ಟ್ರೇಲಿಯಾ 2024ರಿಂದಲೂ ಜಾರಿಗೆ ತಂದಂತೆ, ಅವಧಿ ಮುಗಿದ ಮೇಲೆ ಕರೆಗೆ ಓಗೊಡದಿರುವ ಹಕ್ಕನ್ನು ನೌಕರರಿಗೆ ನೀಡಬೇಕು. ಯಲಹಂಕದ ಮೂಲಕ ಹಾಯುವ ಉಪನಗರ ರೈಲು ಮಾರ್ಗವನ್ನು ಬೇಗ ಮುಗಿಸಿ, ದಾರಿಯಲ್ಲಿ ಕಳೆದುಹೋಗುವ ಹೊತ್ತನ್ನು ಉಳಿಸಿಕೊಡಬೇಕು.

ಮಾಲಿಕರಿಗೆ ಹೇಳಬೇಕಾದುದು ಒಂದೇ ಮಾತು. ಕೆಲಸದಲ್ಲಿ ಮನಸ್ಸಿಡುವವನು ದಣಿದವನಲ್ಲ, ತನ್ನ ಮಾತಿಗೆ ಬೆಲೆಯುಂಟೆಂದು ನಂಬಿದವನು. ಆ ನಂಬಿಕೆಯನ್ನು ಪ್ರಶ್ನಾವಳಿಯಿಂದ ಪಡೆಯಲಾಗದು. ನ್ಯಾಯವಾದ ಅವಧಿಯಿಂದಲೂ, ದೂರನ್ನು ಅಂಜಿಕೆಯಿಲ್ಲದೆ ಹೇಳಿಕೊಳ್ಳುವ ಏರ್ಪಾಟಿನಿಂದಲೂ ಮಾತ್ರ ಅದು ದೊರೆಯುವುದು.